ಎಡಗೈಯವರಿಗೆ ಮಾತ್ರ

ನಮ್ಮ ಮುದ್ರಣಾಲಯದಲ್ಲಿ ಪ್ರತಿ ಗುರುವಾರ ಒಂದು ಜಾಹೀರಾತು ಹಾಳೆ ಅಚ್ಚಾಗುತ್ತದೆ. ಸುತ್ತಮುತ್ತಲ ಬಡಾವಣೆಗಳ ಮನೆಬಾಗಿಲಿಗೆ ಬಿಟ್ಟಿ ಬೀಳುವ ಹಾಳೆ ಅದು. ಬಾಡಿಗೆಗೆ ಕೋಣೆ, ಕಳೆದುಹೋದ ಬೆಕ್ಕು, ಮಾರಾಟಕ್ಕೆ ಹೊಲಿಗೆ ಯಂತ್ರ, ಇಂಥವೇ. ಅದರ ಕರಡು ತಿದ್ದುವುದು ನನ್ನ ಕೆಲಸ. ಮೂವತ್ತು ವರ್ಷದಿಂದ ಅದೇ ಮೇಜು, ಅದೇ ಕೆಂಪು ಶಾಯಿ. ಹಾಗಾಗಿ ಇಲ್ಲಿ ಎಲ್ಲರಿಗೂ ನಾನು ಮೇಷ್ಟ್ರು, ಒಂದು ದಿನವೂ ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ.

ಹೋದ ವರ್ಷ ಒಂದು ಬುಧವಾರ ಮೂರನೆಯ ಕಾಲಮ್ಮಿನಲ್ಲಿ ಈ ಸಾಲು ಸಿಕ್ಕಿತು: 'ಹಳೆಯ ಗಿಟಾರ್ ಮಾರಾಟಕ್ಕಿದೆ. ಎಡಗೈಯವರಿಗೆ ಮಾತ್ರ. ಸಂಜೆ ಐದರ ಮೇಲೆ ಬರಬಹುದು.' ಕೆಳಗೆ ಬೆಲೆ, ವಿಳಾಸ, ಫೋನ್ ನಂಬರು. ಬೆಲೆ ನೋಡಿದರೆ ಒಂದು ಸೊನ್ನೆ ಬಿಟ್ಟುಹೋದಂತಿತ್ತು. 'ಎಡಗೈಯವರಿಗೆ' ಎನ್ನುವುದಂತೂ ತಪ್ಪೇ ಸರಿ; 'ಬಡಾವಣೆಯವರಿಗೆ' ಎಂದು ಬರೆದುಕೊಟ್ಟದ್ದು ಅಕ್ಷರ ಜೋಡಿಸುವಾಗ ಹೀಗಾಗಿದೆ ಎಂದುಕೊಂಡು ಎರಡಕ್ಕೂ ಸುತ್ತು ಹಾಕಿ ಫೋನ್ ಮಾಡಿದೆ.

"ತಪ್ಪೇನಿಲ್ಲ, ಎಡಗೈಯವರಿಗೇನೇ. ಬೆಲೇನೂ ಸರಿ ಇದೆ. ಹೆಂಗಿದ್ಯೋ ಹಂಗೇ ಹಾಕಿ," ಎಂದಿತು ಒಬ್ಬ ಹೆಂಗಸಿನ ಗಡಸು ದನಿ. ನಾನು ಮತ್ತೇನೋ ಕೇಳುವಷ್ಟರಲ್ಲಿ ಆ ಕಡೆ ಫೋನ್ ಇಟ್ಟಾಗಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಇದನ್ನು ಒಂದು ತಮಾಷೆ ಎಂಬಂತೆ ನಮ್ಮಲ್ಲಿ ಪುಸ್ತಕ ಹೊಲಿಯುವ ಬೈಂಡರನ ಮುಂದೆ ಹೇಳಿದೆ. ಅವನ ಕೈ ಡಬ್ಬಿಗೂ ಬಾಯಿಗೂ ನಡುವೆ ನಿಂತುಬಿಟ್ಟಿತು.

"ಎಡಗೈಯವರ ಗಿಟಾರಾ? ಹಂಗಂತ ಬರ್ದಿದಾರಾ? ಸರಿಯಾಗಿ ನೋಡ್ದ್ಯಾ?"

"ನೋಡೋದೇ ಅಲ್ವಾ ನನ್ನ ಉದ್ಯೋಗ? ಸುಮ್ನೆ ಊಟ ಮಾಡು."

ಅವನು ಊಟ ಮಾಡಲಿಲ್ಲ. ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟ. ಆಗ ನನಗೆ ಹೊಳೆಯಿತು. ಇಂಥ ಮಾತನ್ನು ನಗುತ್ತ ಹೇಳಲು ನನಗೆ ಬೇರೆ ಯಾರೂ ಸಿಗಲಿಲ್ಲವೇ?

ನಾವಿಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ನಾನು ಮುಂದಿನ ಕೋಣೆಗೆ, ಅವನು ಹಿಂದಿನ ಬೈಂಡಿಂಗ್ ವಿಭಾಗಕ್ಕೆ. ಆಗ ಅವನಿಗೆ ಇಪ್ಪತ್ನಾಲ್ಕು. ಪುಸ್ತಕ ಹೊಲಿಯುವುದು, ರಟ್ಟು ಅಂಟಿಸುವುದು ಎಲ್ಲ ಅವನ ಪಾಲಿಗೆ ಹೊಟ್ಟೆಪಾಡಿನ ಮಾತು. ಜೀವವೆಲ್ಲ ಗಿಟಾರಿನಲ್ಲಿ. ನಾಲ್ಕು ಜನ ಗೆಳೆಯರ ಒಂದು ತಂಡವಿತ್ತು. ಶನಿವಾರ, ಭಾನುವಾರ ಸಮಾರಂಭಗಳಲ್ಲಿ ನುಡಿಸುತ್ತಿದ್ದರು. ಜನ ಬಂದು ಕೂರುವ ಹೊತ್ತಿನಲ್ಲಿ, ಕಾರ್ಯಕ್ರಮ ಶುರುವಾಗುವ ಮುಂಚೆ, ಅವನು ಒಬ್ಬನೇ ತಾನೇ ಕಟ್ಟಿದ ಒಂದು ಮಟ್ಟು ನುಡಿಸುತ್ತಿದ್ದ. ಅದಕ್ಕೆ ಮಾತಿಲ್ಲ, ಹೆಸರೂ ಇಲ್ಲ. ನಾನು ಒಂದೇ ಸಲ ಕೇಳಿದ್ದೇನೆ, ನಮ್ಮ ಮುದ್ರಣಾಲಯದ ಹೊಸ ಕಟ್ಟಡ ಶುರುವಾದ ದಿನ. ಸಂಗೀತದಲ್ಲಿ ನನ್ನ ಜ್ಞಾನ ಬಸ್ಸಿನ ಹಾರ್ನನ್ನು ಗುರುತಿಸುವಷ್ಟೇ. ಆದರೂ ಆ ದಿನ ಕುರ್ಚಿ ಎಳೆದಾಡುವ ಸದ್ದು ತಾನಾಗಿ ನಿಂತುಹೋದದ್ದು ನೆನಪಿದೆ.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ಶಾಲಾ ಪುಸ್ತಕಗಳ ಕಟ್ಟನ್ನು ಕಟಿಂಗ್ ಮಷೀನಿನ ಕೆಳಗೆ ನೇರ ಮಾಡುತ್ತಿದ್ದಾಗ ಅಲಗು ಇಳಿಯಿತು. ಎಡಗೈಯ ನಡುಬೆರಳು ಮತ್ತು ಉಂಗುರದ ಬೆರಳು ಮೊದಲ ಗಂಟಿನವರೆಗೆ ಹೋದವು. ಒಂದು ಕ್ಷಣದ ಮೈಮರೆವು, ಅಷ್ಟೇ. ಆರು ವಾರಕ್ಕೆ ವಾಪಸು ಬಂದು, ಯಾರು ಬೇಡವೆಂದರೂ ಕೇಳದೆ, ಉಳಿದಿದ್ದ ಅದೇ ಕಟ್ಟನ್ನು ಮೊದಲು ಕತ್ತರಿಸಿ ಮುಗಿಸಿದ.

ಬೈಂಡಿಂಗಿಗೆ ಎಂಟು ಬೆರಳು, ಎರಡು ಮೋಟು ಸಾಕು. ಗಿಟಾರಿಗೆ ಸಾಲದು. ಸಾಮಾನ್ಯ ಗಿಟಾರಿನಲ್ಲಿ ಬಲಗೈ ತಂತಿ ಮೀಟುತ್ತದೆ. ಕತ್ತಿನ ಮೇಲೆ ತಂತಿ ಒತ್ತಿ ಸ್ವರ ಹಿಡಿಯುವುದೆಲ್ಲ ಎಡಗೈ ಬೆರಳ ತುದಿಗಳ ಕೆಲಸ. ಆ ತುದಿಗಳೇ ಹೋಗಿದ್ದವು. ತಂಡದ ಗೆಳೆಯನೊಬ್ಬನಿಗೆ ಗಿಟಾರ್ ಕೊಟ್ಟುಬಿಟ್ಟ. ಗೆಳೆಯ ಊರು ಬಿಟ್ಟ, ತಂಡ ಚದುರಿತು. ಎಡಗೈಯವರಿಗೆಂದೇ ತಿರುಗಾಮುರುಗಾ ಮಾಡಿದ ಗಿಟಾರುಗಳಿರುತ್ತವೆ ಎಂದು ಯಾರೋ ಹೇಳಿದಾಗ ಒಂದು ಅಂಗಡಿಗೆ ಹೋಗಿ ಕೇಳಿದ್ದನಂತೆ. ಹೇಳಿ ತರಿಸಬೇಕು, ಎರಡರಷ್ಟು ಬೆಲೆ ಎಂದರಂತೆ. ಅದೇ ವರ್ಷ ಮದುವೆಯೂ ಆಯಿತು. ಆಮೇಲೆ ನನ್ನ ಹತ್ತಿರ ಆ ಮಾತು ಎತ್ತಿದವನಲ್ಲ. ಬಿಡುವಿನಲ್ಲಿ ರಟ್ಟಿನ ಮೇಲೆ ಬೆರಳು ಕುಟ್ಟುತ್ತಿದ್ದ. ನಾನು ನೋಡಿದರೆ ನಿಲ್ಲಿಸುತ್ತಿದ್ದ.

"ಹಾಳೆ ನಾಳೆ ಹೊರಗೆ ಹೋಗುತ್ತೆ. ಇವತ್ತೇ ಹೋಗ್ಬೇಕು. ನೀನೂ ಬಾ," ಎಂದ, ಮುಚ್ಚಿದ ಡಬ್ಬಿಯ ಮೇಲೆ ಕೈಯಿಟ್ಟು.

"ನಾನ್ಯಾಕೆ?"

"ಒಬ್ನೇ ಹೋದ್ರೆ ಬಾಗಿಲ ತನಕ ಹೋಗಿ ವಾಪಸ್ ಬಂದ್ಬಿಡ್ತೀನಿ. ನಂಗೆ ನನ್ನ ಬುದ್ಧಿ ಗೊತ್ತು."

ವಿಳಾಸದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುಂದೆ ಒಂದು ಪುಟ್ಟ ಕಾರು, ಅದರ ನೆತ್ತಿಯ ಮೇಲೆ ಡ್ರೈವಿಂಗ್ ಶಾಲೆಯ ಫಲಕ. ಬಾಗಿಲು ತೆಗೆದವರು ಐವತ್ತೈದರ ಆಸುಪಾಸಿನ ಹೆಂಗಸು, ಮೊಣಕೈವರೆಗೆ ಮಡಚಿದ ಅಂಗಿತೋಳು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಕಾರು ಕಲಿಸುವ ಟೀಚರ್ ಅವರೇ.

"ನಾಳೆ ಬರೋ ಜಾಹೀರಾತಿಗೆ ಇವತ್ತೇ ಬಂದ್ರಾ?" ಎಂದು ಕೇಳಿದರು. ನಾನು ಮುದ್ರಣಾಲಯದವನು ಎಂದೆ. "ಓ, ತಪ್ಪು ಹುಡುಕಿದ್ರಲ್ಲ, ಅವ್ರು. ಬನ್ನಿ."

ಗಿಟಾರ್ ಗೋಡೆಗೆ ಒರಗಿರಲಿಲ್ಲ. ಊಟದ ಮೇಜಿನ ಒಂದು ಕುರ್ಚಿಯಲ್ಲಿ, ಮನೆಯ ಇನ್ನೊಬ್ಬರ ಹಾಗೆ ಕೂತಿತ್ತು. ಜೇನಿನ ಬಣ್ಣದ ಮೈ. ಮೀಟಿ ಮೀಟಿ ತೂತಿನ ಅಂಚಿನಲ್ಲಿ ಬಣ್ಣ ಸವೆದು ಬಿಳಿ ಮರ ಕಾಣುತ್ತಿತ್ತು. ತಂತಿ ಬಿಗಿಯುವ ತಿರುಗಣೆಗಳಲ್ಲಿ ಒಂದು ಮಾತ್ರ ಬೇರೆ ಬಣ್ಣದ್ದು. ಬೈಂಡರ್ ಅದನ್ನು ಎತ್ತಿಕೊಳ್ಳಲಿಲ್ಲ. ಬಗ್ಗಿ, ಹಳೆಯ ಪುಸ್ತಕದ ಬೆನ್ನು ಪರೀಕ್ಷಿಸುವವನಂತೆ ಮರ ಮರ ಕೂಡುವಲ್ಲಿ ಹೆಬ್ಬೆರಳು ಆಡಿಸಿದ, ಮೂಸಿದ.

"ಅಂಟು ಗಟ್ಟಿ ಇದೆ," ಎಂದ.

"ತಗೊಳ್ಳೋದಾದ್ರೆ ಇಲ್ಲಿ ಹೆಸರು, ವಿಳಾಸ ಬರೀರಿ," ಎಂದು ಟೀಚರ್ ಒಂದು ಪುಸ್ತಕ ಮುಂದಿಟ್ಟರು, ಕಾರು ಕಲಿಯಲು ಬಂದವರಿಗೆ ಇಡುವಂತೆ. ಅವನು ಪೆನ್ನು ತೆಗೆದುಕೊಂಡು ಎರಡು ಅಕ್ಷರ ಬರೆದನೋ ಇಲ್ಲವೋ, ಅವರು ಪುಸ್ತಕವನ್ನು ಸರ್ರನೆ ಎಳೆದುಕೊಂಡರು.

"ನೀವು ಬಲಗೈಯವ್ರು."

ಬೈಂಡರ್ ಪೆನ್ನು ಕೆಳಗಿಟ್ಟ.

"ಬಾಗಿಲಿಗೆ ಚೀಟಿ ಅಂಟಿಸಿದ್ದೆ, ನಾಲ್ಕು ಜನ ಬಂದ್ರು. ನಾಲ್ಕೂ ಜನಕ್ಕೂ ಕಮ್ಮಿಗೆ ಸಿಗುತ್ತೆ ಅನ್ನೋದೊಂದೇ. ತಂತಿ ಉಲ್ಟಾ ಹಾಕೊಳ್ತೀವಿ, ಕೆತ್ತಿ ಸರಿಮಾಡ್ಕೊಳ್ತೀವಿ ಅಂದ್ರು. ಕೆತ್ತೋಕೆ ಇದೇನು ಸೌದೆನಾ? ಅದಕ್ಕೇ ಎಡಗೈಯವರಿಗೆ ಮಾತ್ರ ಅಂತ ಬರೆಸಿದ್ದು. ಓದಿಯೂ ಬಂದಿದೀರಲ್ಲ."

ಬೈಂಡರ್ ಅಲ್ಲಿಯವರೆಗೆ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡಿದ್ದ. ಹೊರಗೆ ತೆಗೆದು ಮೇಜಿನ ಮೇಲೆ ಇಟ್ಟ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಅಯ್ಯೋ ಪಾಪ ಎನ್ನಲಿಲ್ಲ. "ಎಷ್ಟು ವರ್ಷ ಆಯ್ತು?" ಎಂದರು.

"ಇಪ್ಪತ್ತೆಂಟು."

"ಅದಕ್ಕೆ ಮುಂಚೆ ನುಡಿಸ್ತಿದ್ರಿ."

"ಹೂಂ. ಇದರಲ್ಲಾದ್ರೆ ಬಲಗೈಯಲ್ಲಿ ಒತ್ತಬಹುದು. ಮೀಟೋಕೆ ಹೆಬ್ಬೆರಳು, ತೋರುಬೆರಳು ಇದ್ರೆ ಸಾಕು. ಅವೆರಡೂ ಇವೆ ನೋಡಿ." ಆ ಎರಡನ್ನು ಅವನು ಆಡಿಸಿ ತೋರಿಸಿದ. ಐವತ್ತನಾಲ್ಕು ವರ್ಷದ ಗಂಡಸು ಶಾಲೆಗೆ ಸೇರಿಸಿಕೊಳ್ಳಿ ಎಂದು ಕೇಳುವ ಮಗುವಿನಂತೆ ಕಂಡ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

"ಕೂತ್ಕೊಳ್ಳಿ. ಹಿಡ್ಕೊಳ್ಳಿ," ಎಂದರು ಟೀಚರ್.

ಮೊದಲು ಅವನ ಎಡಗೈಯೇ ಕತ್ತಿನ ಕಡೆ ಹೋಯಿತು. ನಡುದಾರಿಯಲ್ಲಿ ನಿಂತಿತು, ಹಿಂದೆ ಬಂತು. ಗಿಟಾರನ್ನು ತಿರುಗಿಸಿ, ಬಲಗೈಗೆ ಕತ್ತು ಕೊಟ್ಟು, ಎಡಗೈಯಲ್ಲಿ ಒಂದು ತಂತಿ ಮೀಟಿದ. ಶ್ರುತಿ ಹಾಳಾಗಿತ್ತು. ತಲೆ ವಾಲಿಸಿ ತಿರುಗಣೆ ತಿರುವುತ್ತ ಒಂದೊಂದೇ ತಂತಿಯನ್ನು ದಾರಿಗೆ ತಂದ. ನುಡಿಸಿದ್ದು ಏನೂ ಇಲ್ಲ. ಆರು ತಂತಿಗಳನ್ನು ಒಂದರ ಹಿಂದೊಂದು ಮೀಟಿ, ಅವು ತಾವಾಗಿ ಅಡಗುವವರೆಗೆ ಕಾದ. ಅಷ್ಟಕ್ಕೇ ಟೀಚರ್ ಎದ್ದು ಅಡುಗೆಮನೆಗೆ ಹೋದವರು ಹೊತ್ತಾದರೂ ಬರಲಿಲ್ಲ. ಚಹಾ ತಂದಾಗ ಕಣ್ಣು ಕೆಂಪಾಗಿತ್ತು.

"ನನ್ನ ತಂಗೀದು," ಎಂದರು. "ನಾವಿಬ್ರೇ ಇದ್ವಿ, ಮೊದಲಿಂದ್ಲೂ. ನಾನು ಕಾರು ಕಲಿಸಿ ಸುಸ್ತಾಗಿ ಬಂದ್ರೆ ಇವಳು ಟೊಂಯ್ ಟೊಂಯ್ ಅಂತ ಕೂತಿರೋಳು. ನಿಲ್ಲಿಸೇ ಮಾರಾಯ್ತಿ ಅಂತ ದಿನಾ ಬಯ್ಯೋದೇ ಆಗಿತ್ತು. ಹೋದ ವರ್ಷ, ನಲವತ್ತೊಂಬತ್ತನೇ ವಯಸ್ಸಲ್ಲಿ, ಮದುವೆ ಆಗ್ತೀನಿ ಅಕ್ಕಾ ಅಂದ್ಲು. ಒಳ್ಳೆ ಮನುಷ್ಯ. ರೈಲಲ್ಲಿ ಹೋದ್ರೆ ಒಂದು ಹಗಲು ಪೂರ್ತಿ ಬೇಕು ಅವರೂರಿಗೆ. ಅವ್ನು ಇವಳಿಗೆ ಹೊಸ ಗಿಟಾರೇ ತಂದುಕೊಟ್ಟಿದಾನಂತೆ. ಹಳೇದು ಯಾಕಕ್ಕಾ ಜಾಗ ತಿನ್ನುತ್ತೆ, ಯಾರಿಗಾದ್ರೂ ಮಾರ್ಬಿಡು ಅಂದ್ಲು."

ಚಹಾದ ಲೋಟಗಳನ್ನು ನಮ್ಮ ಮುಂದೆ ಸರಿಸುತ್ತ, "ಜಾಗಕ್ಕೇನು ಬರ, ಈ ಮನೇಲಿ," ಎಂದರು.

ಬೈಂಡರ್ ತಲೆ ತಗ್ಗಿಸಿ, "ಟೀಚರ್, ಇದಕ್ಕೆ ಈ ಬೆಲೆ ತೀರಾ ಕಮ್ಮಿ. ಮರ ಚೆನ್ನಾಗಿದೆ, ಒಳ್ಳೆ ಕೆಲಸ," ಎಂದ. ಮೇಜಿನ ಕೆಳಗೆ ನಾನು ಅವನ ಕಾಲು ತುಳಿದೆ. ಅವನು ಕಾಲು ಎಳೆದುಕೊಂಡು ಅದನ್ನೇ ಇನ್ನೊಂದು ಸಲ ಹೇಳಿದ.

"ಸುಮ್ನಿರಿ. ಬಲಗೈಯವರಿಗೆ ಇದು ಕೆಲಸಕ್ಕೆ ಬರಲ್ಲ, ಎಡಗೈಯವ್ರು ಹುಡುಕಿದ್ರೂ ಸಿಗಲ್ಲ. ಬೆಲೆ ಎಲ್ಲಿಂದ ಬರುತ್ತೆ?" ಎಂದರು ಟೀಚರ್. ಹೊರಡುವಾಗ ಬಾಗಿಲವರೆಗೆ ಬಂದು ಅವನಿಗೆ ಹೇಳಿದರು: "ಕಾರಿಗೆ ಹೊಸದಾಗಿ ಕೂತವರೆಲ್ಲಾ ಕಾಲೇ ನೋಡ್ತಾರೆ, ಯಾವುದು ಬ್ರೇಕು ಯಾವುದು ಕ್ಲಚ್ಚು ಅಂತ. ಕಾಲು ನೋಡ್ತಾ ಇದ್ರೆ ಗಾಡಿ ಚರಂಡಿಗೆ. ನೀವೂ ಕೈ ನೋಡ್ಬೇಡಿ."

ಬಸ್ಸಿನಲ್ಲಿ ಜಾಗವಿದ್ದರೂ ಅವನು ಕೂರಲಿಲ್ಲ. ಗಿಟಾರನ್ನು ಎದೆಗೆ ಒತ್ತಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ.

ಅವನ ಹೆಂಡತಿ, ನಾನು ಅತ್ತಿಗೆ ಎನ್ನುವವರು, ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಇಡೀ ದಿನ ಕಿವಿಯಲ್ಲಿ ಗಂಟೆ, ಗಾಬರಿಯ ದನಿಗಳು, ಯಾವ ವಾರ್ಡು, ಯಾವ ಡಾಕ್ಟರು. ಹಾಗಾಗಿ ಅವರ ಮನೆಯಲ್ಲಿ ರೇಡಿಯೋ ಕೂಡ ಇಲ್ಲ. ಮಕ್ಕಳಾಗಲಿಲ್ಲ. ಗಂಡ ಹೆಂಡಿರಿಬ್ಬರೂ ಮಾತು ಕಡಿಮೆ, ಮನೆ ಒಪ್ಪ. ಅತ್ತಿಗೆ ಬಾಗಿಲು ತೆಗೆದು ಗಿಟಾರ್ ನೋಡಲಿಲ್ಲ. ಮೊದಲು ಗಂಡನ ಎಡಗೈ ನೋಡಿದರು, ಆಮೇಲೆ ನನ್ನ ಮುಖ.

"ಯಾರದ್ದು?"

"ನಂದು," ಎಂದ ಅವನು.

"ಮೇಷ್ಟ್ರೇ, ಇದು ನಿಮ್ಮ ಕಿತಾಪತಿನಾ?"

"ನಾನು ಕರಡು ತಿದ್ದಿದ್ದಷ್ಟೇ ಅತ್ತಿಗೆ," ಎಂದು ಚಪ್ಪಲಿ ಹಾಕಿಕೊಂಡು ಅಲ್ಲಿಂದ ಕಾಲ್ತೆಗೆದೆ.

ಅವರಿಬ್ಬರ ನಡುವೆ ಅಂದು ಏನು ಮಾತಾಯಿತೋ, ಅವನು ನನಗೆ ಹೇಳಿದ್ದು ಸ್ವಲ್ಪವೇ. ಅವರ ಮನೆಯ ಬೀರುವಿನಲ್ಲಿ ಹಳೆಯ ಫೋಟೋ ಒಂದಿದೆ. ನಾಲ್ವರು ಹುಡುಗರು, ನಡುವೆ ಅವನು, ಗಿಟಾರಿನ ಮೇಲೆ ಬಗ್ಗಿ ಹಲ್ಲು ಕಾಣುವಂತೆ ನಗುತ್ತಿದ್ದಾನೆ. ಆ ದಿನ ಅತ್ತಿಗೆ ಫೋಟೋ ತೆಗೆದು ಮೇಜಿನ ಮೇಲಿಟ್ಟು ಹೇಳಿದರಂತೆ: "ನಾನು ಕಟ್ಕೊಂಡಿದ್ದು ಬೈಂಡರನ್ನ. ಈ ಹುಡುಗನ್ನ ನಾನು ಒಂದು ದಿನಾನೂ ನೋಡ್ಲಿಲ್ಲ. ಇಷ್ಟು ವರ್ಷದಲ್ಲಿ ನೀವು ಒಂದ್ಸಲನಾದ್ರೂ ಹಿಂಗೆ ನಕ್ಕಿದ್ದು ನಂಗೆ ನೆನಪಿಲ್ಲ. ಇವನು ಯಾವಾಗ ಬರ್ತಾನೆ ಅಂತ ಎಷ್ಟೋ ಸಲ ಕಾದಿದೀನಿ, ಗೊತ್ತಾ?"

ಅವನಿಗೆ ಗೊತ್ತಿರಲಿಲ್ಲ. ಆ ಫೋಟೋವನ್ನು ಹೆಂಡತಿ ನೋಡುತ್ತಾಳೆ ಎಂಬುದೇ ಗೊತ್ತಿರಲಿಲ್ಲ.

ಕಲಿಕೆ ಶುರುವಾಯಿತು. ಸಂಜೆ ಕೆಲಸದಿಂದ ಹೋದ ಮೇಲೆ ಒಂದು ಗಂಟೆ, ಹಿಂದಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ದಬ್ಬಣ ಹಿಡಿದು ನೂರು ಹಾಳೆಯ ಕಟ್ಟನ್ನು ತೂರಿಸುವ ಬಲಗೈ ಅದು. ಆದರೂ ತಂತಿಯ ಮುಂದೆ ಅದರ ಆಟ ನಡೆಯಲಿಲ್ಲ. ಬೆರಳ ತುದಿಗಳಲ್ಲಿ ಗುಳ್ಳೆ ಎದ್ದು ಒಡೆದು, ಮತ್ತೆ ಎದ್ದವು. ಮುದ್ರಣಾಲಯದಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊಲಿಯುತ್ತಿದ್ದ. ಮೂರು ತಿಂಗಳಿಗೆ ನಾಲ್ಕು ಸ್ವರಗಳನ್ನು ಸದ್ದು ಕೆಡದಂತೆ ಒತ್ತಲು ಬಂತು. ಆರು ತಿಂಗಳಿಗೆ, ಸಣ್ಣ ಮಕ್ಕಳು ಕಲಿಯುವಂಥ ಒಂದೆರಡು ಪಾಠ.

"ಬೇಜಾರು ಏನು ಗೊತ್ತಾ, ಮೇಷ್ಟ್ರೇ?" ಎಂದ ಒಂದು ದಿನ, ಅಂಟು ಕಲಸುತ್ತ. "ನನ್ನ ಮಟ್ಟು ಇದೆಯಲ್ಲ, ಅದು ತಲೇಲಿಲ್ಲ. ಈ ಕೈಯಲ್ಲಿದೆ." ಎಡಗೈ ಎತ್ತಿದ. "ನುಡಿಸೋಕೆ ಕೂತ್ರೆ ಈ ಮೋಟುಗಳು ತಾವೇ ಅಲ್ಲಾಡ್ತವೆ. ಎಲ್ಲಿ ಹೋಗ್ಬೇಕು ಅಂತ ಅವಕ್ಕೆ ಗೊತ್ತು. ಬಲಗೈಗೆ ಹೇಳ್ಕೊಡೋಕೆ ಮಾತ್ರ ಬರಲ್ಲ."

ಆದರೂ ಬಿಡಲಿಲ್ಲ. ಎಡಗೈಯನ್ನು ಮೇಜಿನ ಮೇಲೆ ಇಟ್ಟು, ಅದು ಕುಟ್ಟುವುದನ್ನು ಕಣ್ಣಿಂದ ನೋಡಿ, ಬಲಗೈಗೆ ಅನುವಾದ ಮಾಡುವಂತೆ ಒಂದೊಂದೇ ಸ್ವರ ಹುಡುಕಿದ. ಹೀಗೆ ಮಟ್ಟಿನ ಮೊದಲ ಭಾಗ ಸಿಕ್ಕಿತು. ಸಿಕ್ಕ ಮರುದಿನ ನನ್ನ ಮೇಜಿಗೇ ಬಂದ, ಮುಖ ಊರಗಲ. ದನಿ ತಗ್ಗಿಸಿ ಕೇಳಿದ:

"ಮೇಷ್ಟ್ರೇ, ಕಟ್ಟಡ ಶುರುವಾದ ದಿನ ನೀನು ಕೇಳಿದ್ದಲ್ಲ. ನಡುವೆ ಒಂದು ಕಡೆ ಮೇಲಕ್ಕೆ ಹೋಗಿ ತಿರುಗುತ್ತೆ. ಹೆಂಗೆ ತಿರುಗುತ್ತೆ ಅಂತ ನೆನಪಿದ್ಯಾ? ಒಂಚೂರು? ಗುನುಗಿದ್ರೆ ಸಾಕು."

ಆ ಮಟ್ಟು ಕೇಳಿದವರಲ್ಲಿ ಅವನ ಕೈಗೆ ಸಿಗುವವನು ನಾನೊಬ್ಬನೇ. ಇಪ್ಪತ್ತು ವರ್ಷದ ಹಿಂದೆ ಯಾವ ಪುಟದಲ್ಲಿ ಯಾವ ಒತ್ತಕ್ಷರ ತಪ್ಪಿತ್ತು ಎಂದು ಕೇಳಿದರೆ ಇಂದಿಗೂ ಹೇಳುತ್ತೇನೆ. ಕಣ್ಣು ಮುಚ್ಚಿ ಹುಡುಕಿದೆ. ಕುರ್ಚಿಗಳು ಸುಮ್ಮನಾದದ್ದು ಬಂತು, ಅವನು ಹಾಕಿದ್ದ ನೀಲಿ ಅಂಗಿ ಬಂತು, ಕಿಟಕಿಯ ಹೊಸ ಬಣ್ಣದ ವಾಸನೆಯೂ ಬಂತು. ಸದ್ದು ಬರಲಿಲ್ಲ.

"ಇಲ್ಲ ಕಣೋ," ಎಂದೆ.

"ಇರ್ಲಿ ಬಿಡು. ನಂಗೇ ಇಲ್ಲ, ನಿಂಗೆಲ್ಲಿಂದ ಇರುತ್ತೆ," ಎಂದು ನನ್ನ ಭುಜ ತಟ್ಟಿ ಹಿಂದಕ್ಕೆ ಹೋದ. ಆ ದಿನ ನಾನು ತಿದ್ದಿದ ಕರಡಿನಲ್ಲಿ ಹನ್ನೊಂದು ತಪ್ಪು ಉಳಿದಿದ್ದವು.

ಈ ವರ್ಷದ ಆರಂಭದಲ್ಲಿ ಒಂದು ಭಾನುವಾರ ಅವನು ಗಿಟಾರ್ ತೆಗೆದುಕೊಂಡು ಟೀಚರ್ ಮನೆಗೆ ಹೊರಟ. ಅವರೇನೂ ಕರೆದಿರಲಿಲ್ಲ. "ಒಂದ್ಸಲ ಕೇಳಿಸಿ ಬರೋಣ, ನ್ಯಾಯ," ಎಂದ. ಈ ಸಲ ಅತ್ತಿಗೆಯೂ ಬಂದರು. ಟೀಚರ್ ಮೊದಲು ಗಲಿಬಿಲಿಗೊಂಡರು, ಆಮೇಲೆ ಅವಸರದಲ್ಲಿ ಕುರ್ಚಿ ಮೇಲಿನ ಬಟ್ಟೆ ಎತ್ತಿದರು. ಊಟದ ಮೇಜಿನ ಆ ಒಂದು ಕುರ್ಚಿ ಈಗ ಖಾಲಿ. ಬೈಂಡರ್ ಅದರಲ್ಲೇ ಕೂತ. ಮಕ್ಕಳ ಪಾಠದ ಒಂದು ಹಾಡು ನುಡಿಸಿದ, ಎರಡು ಕಡೆ ತಪ್ಪಿದ. ಕೈ ನೋಡಲಿಲ್ಲ. ಆಮೇಲೆ ತನ್ನ ಮಟ್ಟಿನ ಮೊದಲ ಭಾಗ ಶುರು ಮಾಡಿದ.

ಟೀಚರ್ ಫೋನ್ ತೆಗೆದು ಯಾರಿಗೋ ಹಚ್ಚಿ, ಮಾತಾಡದೆ ಮೇಜಿನ ಮೇಲಿಟ್ಟರು. ಆ ಕಡೆಯಿಂದ ಹಲೋ ಹಲೋ ಎಂದ ದನಿ ಸುಮ್ಮನಾಯಿತು. ಅವನು ತಿಳಿದಷ್ಟನ್ನು ನುಡಿಸಿ, ಮಟ್ಟು ಮೇಲಕ್ಕೆ ಹೋಗುವ ಜಾಗಕ್ಕೆ ಬಂದು ನಿಲ್ಲಿಸಿದ.

"ಅಕ್ಕಾ," ಎಂದಿತು ಫೋನು. "ಇದು ನಂದಲ್ವಾ? ಕೆಳಗಿನ ತಂತಿ ಹಂಗೆ ಗುಂಯ್ ಅನ್ನೋದು ನಂದೇ. ಮಾರಿದೀನಿ ಅಂದ್ಯಲ್ಲ?"

"ಮಾರಿದೀನಿ. ತಗೊಂಡವ್ರು ಬಂದಿದಾರೆ."

"ಈ ಹೊಸದರಲ್ಲಿ ಹಂಗೆ ಬರಲ್ಲ ಅಕ್ಕಾ. ಎಷ್ಟು ಮಾಡಿದ್ರೂ ಬರಲ್ಲ," ಎಂದಳು ತಂಗಿ. ದನಿ ಒಡೆದಿತ್ತು. ಬೈಂಡರ್ ಗಾಬರಿಯಿಂದ ಗಿಟಾರನ್ನು ಸ್ವಲ್ಪ ಮುಂದಕ್ಕೆ ಹಿಡಿದ, ವಾಪಸು ಕೊಡುವವನಂತೆ. ಟೀಚರ್ ಬೇಡವೆಂದು ಕೈ ಆಡಿಸಿದರು.

"ಇವರ ಹತ್ರ ಇರ್ಲಿ. ನಿಂಗೆ ಬೇಕು ಅನ್ಸಿದ್ರೆ ಕೇಳೋಕೆ ಇಲ್ಲಿಗೇ ಬಾ," ಎಂದರು ತಂಗಿಗೆ. ಗಡಸಾಗಿ ಹೇಳಬೇಕೆಂದಿದ್ದರೋ ಏನೋ, ಆಗಲಿಲ್ಲ. "ಬಂದು ಎಷ್ಟು ದಿನ ಆಯ್ತೇ ನೀನು."

ಅಕ್ಕ ತಂಗಿಯರು ಮಾತಾಡಿಕೊಳ್ಳಲಿ ಎಂದು ನಾವು ಹೊರಗೆ ಬಂದು ಕಾರಿನ ಪಕ್ಕ ನಿಂತೆವು. ಅತ್ತಿಗೆ ಗಂಡನನ್ನು ಕೇಳಿದರು, "ಮುಂದಕ್ಕೆ ಯಾಕೆ ನುಡಿಸ್ಲಿಲ್ಲ?"

"ಮುಂದಿಂದು ಸಿಕ್ಕಿಲ್ಲ."

"ಹೊಸದಾಗಿ ಏನಾದ್ರೂ ಸೇರಿಸಿದ್ರಾಯ್ತು. ನೀವೇ ತಾನೇ ಕಟ್ಟಿದ್ದು?"

"ಸೇರಿಸ್ಬಹುದು. ಅದು ಅದಾಗಲ್ಲ," ಎಂದ. ಅತ್ತಿಗೆ ಗಿಟಾರಿನ ಚೀಲವನ್ನು ಅವನ ಕೈಯಿಂದ ತೆಗೆದುಕೊಂಡು ತಾವೇ ಹೆಗಲಿಗೆ ಹಾಕಿಕೊಂಡರು.

ಇದಾಗಿ ಏಳೆಂಟು ತಿಂಗಳು ಕಳೆದಿವೆ. ತಂಗಿ ಒಮ್ಮೆ ಬಂದು ಹೋದಳಂತೆ. ಬೈಂಡರ್ ಆ ವಾರ ಗಿಟಾರನ್ನು ಟೀಚರ್ ಮನೆಯಲ್ಲೇ ಬಿಟ್ಟಿದ್ದ, ಆ ವಾರವೆಲ್ಲ ಮುದ್ರಣಾಲಯದಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ. ಮಟ್ಟಿನ ನಡುಭಾಗ ಇನ್ನೂ ಬಂದಿಲ್ಲ. ಬರುತ್ತದೆಂದು ಅವನು ಹೇಳುವುದಿಲ್ಲ, ಬರುವುದಿಲ್ಲವೆಂದೂ ಹೇಳುವುದಿಲ್ಲ.

ಮೊನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ಹಿಂದಿನ ಕೋಣೆಯ ಬಾಗಿಲನ್ನು ಈಗ ಹಾಕುವುದಿಲ್ಲ. ಅತ್ತಿಗೆ ನನ್ನೆದುರು ಕೂತು ಒಗೆದ ಬಟ್ಟೆ ಮಡಚುತ್ತಿದ್ದರು. ಒಳಗೆ ಮಟ್ಟು ಶುರುವಾಯಿತು. ನಿಧಾನವಾಗಿ, ಈಗ ತಪ್ಪಿಲ್ಲದೆ, ಆ ಜಾಗದವರೆಗೆ ಬಂದು ನಿಂತಿತು. ಅತ್ತಿಗೆಯ ಕೈಯೂ ನಿಂತಿತು. ಅರ್ಧ ಮಡಚಿದ ಅಂಗಿ ಹಿಡಿದು, ಕಿವಿಗೊಟ್ಟು ಕಾದರು. ನಾನೂ ಕಾದೆ.

"ಬಂತಾ?" ಎಂದು ಕೂಗಿ ಕೇಳಿದರು.

"ಇಲ್ಲ," ಎಂದಿತು ಒಳಗಿನ ದನಿ.

"ಸರಿ, ಕೈ ತೊಳ್ಕೊಳ್ಳಿ. ಮೇಷ್ಟ್ರು ಊಟಕ್ಕೆ ಕಾಯ್ತಿದಾರೆ."